ಸಮತೋಲದ ಖರ್ಚು ಯಾರದು?

ಕಾಸರಗೋಡಿನ ಓದುಗರಲ್ಲಿ ಹಲವರಿಗೆ ಚಪಳಗಾಂವ ಎಂಬ ಹೆಸರು ಹೊಸದಾಗಿರಬಹುದು. ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕಿನ ಒಂದು ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಿಮ್ಮಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳವಿದೆ, ಉಳಿದಂತೆ ನಮ್ಮ ನಿಮ್ಮ ಬಾಳು ಬಹುಮಟ್ಟಿಗೆ ಒಂದೇ. ಮಣ್ಣು ಮಾತ್ರ ತೀರ ಬೇರೆ. ನಿಮ್ಮದು ಮುರಕಲ್ಲಿನ ಕೆಂಪು ಮಣ್ಣು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಅದರೊಳಗಿನ ಸುಣ್ಣವನ್ನು ತೊಳೆದುಕೊಂಡು ಹೋಗಿರುವುದರಿಂದ ಅದು ಹುಳಿ ಮಣ್ಣು. ತೋಟಕ್ಕೆ ಆಗಾಗ ಸುಣ್ಣ ಹಾಕಬೇಕಾಗುತ್ತದೆ. ನಮ್ಮದು ಕರಿ ಎರೆಮಣ್ಣು. ನಿಮ್ಮ ಮಳೆಯ ಕಾಲುಭಾಗವೂ ನಮಗೆ ಬೀಳುವುದಿಲ್ಲ, ಹಾಗಾಗಿ ಸುಣ್ಣ ಇದ್ದಲ್ಲೇ ಉಳಿಯುತ್ತದೆ. ನೇಗಿಲು ಹೊಡೆದರೆ ಬಿಳಿಯ ಸುಣ್ಣದ ಹರಳುಗಳು ಮೇಲೆ ಬರುತ್ತವೆ. ಇದು ಕ್ಷಾರದ ಮಣ್ಣು.

ಹುಳಿ ಮಣ್ಣಿನ ಮೇಲೆ ನಡೆದಾಡುವ ನಿಮ್ಮ ರಕ್ತವನ್ನೂ ಕ್ಷಾರದ ಮಣ್ಣಿನ ಮೇಲೆ ನಡೆದಾಡುವ ನಮ್ಮ ರಕ್ತವನ್ನೂ ಪರೀಕ್ಷೆಗೆ ಕಳಿಸಿದರೆ ಬರುವ ಅಂಕಿ ಒಂದೇ: 7.35ರಿಂದ 7.45ರ ನಡುವೆ. ಇದು ಹುಳಿ ಮತ್ತು ಕ್ಷಾರಗಳನ್ನು ಅಳೆಯುವ ಪಿಎಚ್ ಮಾನ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಎಂಬಾತ ಇದನ್ನು ರೂಪಿಸಿದ. ಅವನು ಕೆಲಸ ಮಾಡುತ್ತಿದ್ದುದು ಬಿಯರ್ ತಯಾರಿಸುವವರು ನಡೆಸುತ್ತಿದ್ದ ಪ್ರಯೋಗಶಾಲೆಯಲ್ಲಿ ಎಂಬುದು ಕೇಳಲಿಕ್ಕೆ ಮೋಜಿನ ಸಂಗತಿ. ಏಳು ಎಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಅಂಕಿ ಇಳಿದಂತೆ ಹುಳಿ ಹೆಚ್ಚು. ಈ ಮಾನದಲ್ಲಿ ಸಣ್ಣ ಇಳಿತವೂ ದೊಡ್ಡದೇ: 7.4ರಿಂದ 7.1ಕ್ಕೆ ಇಳಿದರೆ ರಕ್ತದಲ್ಲಿ ಹುಳಿಯ ಕಣ ಎರಡು ಪಟ್ಟಾಯಿತೆಂದೇ ಅರ್ಥ. 6.8ರ ಕೆಳಗೆ ಅಥವಾ 7.8ರ ಮೇಲೆ ಜೀವ ಬಹಳ ಹೊತ್ತು ನಿಲ್ಲಲಾರದು.

ಇಷ್ಟು ಕಿರಿದಾದ ಬದುವಿನ ಮೇಲೆ ಮನುಷ್ಯ ಎಂಬತ್ತು ವರ್ಷ ನಡೆಯುತ್ತಾನೆ ಎಂದರೆ ಯಾರಿಗಾದರೂ ಕೈಮುಗಿಯಬೇಕೆನಿಸುತ್ತದೆ. ದೇಹವೇ ದೊಡ್ಡ ಗುರು, ಸಮತೋಲವೇ ಧರ್ಮ, ಮನೆಯೂ ಸಮಾಜವೂ ಹಾಗೇ ಇರಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಈ ಕೊನೆಯ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಒಪ್ಪುವ ಮೊದಲು ಆ ಸಮತೋಲ ನಿಂತಿರುವುದು ಹೇಗೆ, ಯಾರ ಖರ್ಚಿನಲ್ಲಿ ಎಂಬುದನ್ನು ನೋಡಬೇಕು.

ಹುಳಿ ಹೊರಗಿನಿಂದ ಬರುವುದಕ್ಕಿಂತ ಒಳಗೆ ಹುಟ್ಟುವುದೇ ಹೆಚ್ಚು. ನಾವು ಬದುಕಿದ್ದೇವೆ ಎಂಬುದೇ ಅದಕ್ಕೆ ಕಾರಣ. ತಿಂದ ಅನ್ನ ಒಳಗೆ ಉರಿದು ಇಂಗಾಲಾಮ್ಲವಾಗುತ್ತದೆ. ದಿನಕ್ಕೆ ಸುಮಾರು 15,000 ಮಿಲಿಮೋಲಿನಷ್ಟು. ಅದೆಲ್ಲ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಇದಲ್ಲದೆ ಉಸಿರಿನಲ್ಲಿ ಹೋಗಲಾರದ ಹುಳಿಯೊಂದಿದೆ. ಅದು ದಿನಕ್ಕೆ 50ರಿಂದ 100 ಮಿಲಿಮೋಲು. ಪ್ರಮಾಣದಲ್ಲಿ ಚಿಕ್ಕದು, ಆದರೆ ಹಟಮಾರಿ. ಇಲ್ಲಿ ನಾಲಗೆಯ ಸಾಕ್ಷಿಯನ್ನು ನಂಬುವ ಹಾಗಿಲ್ಲ. ಲಿಂಬೆ ಹುಳಿ, ಮಜ್ಜಿಗೆ ಹುಳಿ. ಆದರೆ ಅವುಗಳ ಹುಳಿ ಒಳಗೆ ಉರಿದು ಉಸಿರಾಗಿ ಹೋಗಿಬಿಡುತ್ತದೆ. ಜೋಳದ ರೊಟ್ಟಿ, ತೊಗರಿಬೇಳೆ, ಮೊಟ್ಟೆ, ಮೀನು ಬಾಯಿಗೆ ಹುಳಿಯಲ್ಲ. ಆದರೆ ಅವುಗಳ ಪ್ರೋಟೀನಿನಲ್ಲಿರುವ ಗಂಧಕ ಒಳಗೆ ಹೋಗಿ ಗಂಧಕಾಮ್ಲವಾಗುತ್ತದೆ. ನಮ್ಮೂರಲ್ಲಿ ಎದೆ ಉರಿದರೆ ‘ಪಿತ್ತ ಆಗ್ಯಾದ’ ಎನ್ನುತ್ತಾರೆ. ಅದು ಹೊಟ್ಟೆಯ ಮಾತು, ರಕ್ತದ್ದಲ್ಲ. ಈಚೆಗೆ ಪೇಟೆಯಲ್ಲಿ ‘ಕ್ಷಾರದ ನೀರು’ ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರಲ್ಲ, ಅದು ಜಠರದ ಹುಳಿಯನ್ನು ಮುಟ್ಟಿದೊಡನೆ ತನ್ನ ಕ್ಷಾರವನ್ನು ಕಳೆದುಕೊಳ್ಳುತ್ತದೆ. ಕುಡಿಯುವವರು ನೀರನ್ನಂತೂ ಕುಡಿದರು ಎಂದು ಸಮಾಧಾನಪಡಬಹುದು.

ಹುಟ್ಟಿದ ಹುಳಿಯನ್ನು ಮೊದಲು ಎದುರುಗೊಳ್ಳುವುದು ರಕ್ತದಲ್ಲೇ ಇರುವ ಬೈಕಾರ್ಬೊನೇಟ್ ಎಂಬ ಕ್ಷಾರ. ಲೀಟರಿಗೆ ಸುಮಾರು 24 ಮಿಲಿಮೋಲು. ಸೊಲ್ಲಾಪುರಕ್ಕೆ ಬಂದವರು ಸಿದ್ಧೇಶ್ವರ ಕೆರೆಯನ್ನು ನೋಡಿರುತ್ತೀರಿ. ಹನ್ನೆರಡನೆಯ ಶತಮಾನದ ಸಿದ್ಧರಾಮ ಶರಣರ ಹೆಸರಿನ ಕೆರೆ ಅದು. ಕೆರೆಗೆ ನೀರು ಬರುವ ದಾರಿಯೂ ಬೇಕು, ಹೆಚ್ಚಾದದ್ದು ಹೊರಗೆ ಹೋಗಲು ಕೋಡಿಯೂ ಬೇಕು. ನಡುವೆ ಏರಿ ತಡೆದು ನಿಲ್ಲಬೇಕು. ರಕ್ತವೂ ಹಾಗೇ. ಶ್ವಾಸಕೋಶವೇ ಅದರ ಕೋಡಿ. ಹುಳಿ ಹೆಚ್ಚಾದರೆ ಕೆಲವೇ ನಿಮಿಷಗಳಲ್ಲಿ ಉಸಿರು ಆಳವಾಗಿ ಇಂಗಾಲಾಮ್ಲವನ್ನು ಹೊರಚೆಲ್ಲುತ್ತದೆ. ಮೂತ್ರಪಿಂಡ ನಿಧಾನಿ, ಅದಕ್ಕೆ ಗಂಟೆಗಳಲ್ಲ, ದಿನಗಳು ಬೇಕು. ಆದರೆ ಕೆರೆಯನ್ನು ಮತ್ತೆ ತುಂಬಿಸುವ ಶಕ್ತಿ ಇರುವುದು ಅದಕ್ಕೊಂದಕ್ಕೇ. ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸಿ, ಅದರೊಡನೆ ಹೋಗಲಿದ್ದ ನಾಲ್ಕು ಸಾವಿರಕ್ಕೂ ಮಿಕ್ಕ ಮಿಲಿಮೋಲು ಬೈಕಾರ್ಬೊನೇಟನ್ನು ಒಂದೊಂದಾಗಿ ಹಿಂದಕ್ಕೆ ತರುತ್ತದೆ. ಖರ್ಚಾದಷ್ಟನ್ನು ಹೊಸದಾಗಿಯೂ ಮಾಡುತ್ತದೆ. ಇದು ಯಾವುದೂ ಸಾಲದೆ ಹುಳಿ ವರ್ಷಗಟ್ಟಲೆ ನಿಂತರೆ ಕೊನೆಗೆ ಎಲುಬು ತನ್ನ ಸುಣ್ಣವನ್ನು ಕೊಡುತ್ತದೆ. ಅಂಕಿ ಉಳಿಯುತ್ತದೆ, ಎಲುಬು ಸವೆಯುತ್ತದೆ.

ನಮ್ಮ ಓಣಿಯ ಒಬ್ಬ ಕಾಕುವಿನ ವಿಷಯವನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡ ಸೋತಿತ್ತು. ಮನೆಯ ಕೆಲಸ ಬಿಟ್ಟಿರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತವರು ತೇಕುತ್ತಿದ್ದರು.

‘ಯಾಕ್ರಿ ಕಾಕು, ಹಿಂಗ್ಯಾಕ ತೇಕಾಕತ್ತೀರಿ?’

‘ಏನಿಲ್ಲ ತಗೋ. ಕುಂತರೂ ಓಡಿ ಬಂದಂಗ ದಮ್ಮು ಬರ್ತದ, ಅಷ್ಟ.’

ಮಗ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ. ರಕ್ತದ ಅಂಕಿ 7.29 ಬಂತು. ಸ್ವಲ್ಪವೇ ಕಡಿಮೆ ಅಲ್ಲವೇ ಎಂದು ಮಗನಿಗೆ ಸಮಾಧಾನ. ತಾಯಿ ರಾತ್ರಿಯೆಲ್ಲ ಹೀಗೇ ದಮ್ಮು ಎಳೆಯುತ್ತಾಳೆ, ನಿದ್ದೆಗೆ ಒಂದು ಗುಳಿಗೆ ಕೊಡಿರಿ ಎಂದು ಕೇಳಿದ. ವೈದ್ಯರು ಕೊಡಲಿಲ್ಲ. ಅದೇ ಕಾಗದದ ಇನ್ನೊಂದು ಸಾಲನ್ನು ತೋರಿಸಿದರು. ಬೈಕಾರ್ಬೊನೇಟು 24 ಇರಬೇಕಾದಲ್ಲಿ 12 ಇತ್ತು. ಕೆರೆ ಅರ್ಧ ಬತ್ತಿತ್ತು. ‘ಆ ದಮ್ಮ ನಿಮ್ಮ ತಾಯಿನ್ನ ಇಲ್ಲೀತನಕ ಉಳಿಸ್ಯಾದ. ಅದನ್ನ ನಿಲ್ಲಸೂದು ಬ್ಯಾಡ್ರಿ’ ಎಂದರು. ಲೆಕ್ಕ ಕಠಿಣವಲ್ಲ: ಕ್ಷಾರ 12ಕ್ಕೆ ಇಳಿದಾಗ ಉಸಿರು ಎಂದಿನಂತೆ ಶಾಂತವಾಗಿದ್ದಿದ್ದರೆ ಅಂಕಿ 7.1 ಆಗುತ್ತಿತ್ತು. ನಡುವಿನ ಅಂತರವನ್ನು ಆಕೆ ಹಗಲೂ ರಾತ್ರಿ ಎದೆಯಿಂದ ತುಂಬುತ್ತಿದ್ದರು. ಈ ಆಳವಾದ ಉಸಿರಾಟವನ್ನು ಮಧುಮೇಹದ ರೋಗಿಗಳಲ್ಲಿ ಕಂಡು 1874ರಲ್ಲಿ ಬರೆದಿಟ್ಟವನು ಜರ್ಮನಿಯ ಕುಸ್‌ಮೌಲ್. ಇಂದಿಗೂ ಅದಕ್ಕೆ ಅವನದೇ ಹೆಸರು. ನೋಡುವವರಿಗೆ ರೋಗದಂತೆ ಕಾಣುವ ಈ ತೇಕು ರೋಗಕ್ಕೆ ದೇಹ ಕೊಡುತ್ತಿರುವ ಉತ್ತರ. ಅದನ್ನು ಮದ್ದು ಕೊಟ್ಟು ಅಡಗಿಸಿದರೆ ಕೋಣೆ ಶಾಂತವಾಗುತ್ತದೆ, ರೋಗಿ ಸಾಯುತ್ತಾನೆ.

ಇದಕ್ಕಿಂತಲೂ ಮೋಸದ ಸ್ಥಿತಿಯೊಂದಿದೆ. ಸಕ್ಕರೆ ಕಾಯಿಲೆ ಕೆರಳಿ ರಕ್ತ ಹುಳಿಯಾದ ಮನುಷ್ಯನಿಗೆ ವಾಂತಿಯೂ ಹಿಡಿಯಿತು ಎನ್ನಿ. ವಾಂತಿಯಲ್ಲಿ ಹೊಟ್ಟೆಯ ಹುಳಿ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಒಂದು ಕೆಡುಕು ಕೆಳಗೆ ಎಳೆದರೆ ಇನ್ನೊಂದು ಮೇಲೆ ಎಳೆಯುತ್ತದೆ, ಪರೀಕ್ಷೆಯ ಕಾಗದದಲ್ಲಿ 7.4 ಎಂಬ ನಿಷ್ಕಳಂಕ ಅಂಕಿ ಬರುತ್ತದೆ. ಅಂಕಿಯೊಂದನ್ನೇ ನೋಡುವ ವೈದ್ಯ ಮನೆಗೆ ಕಳಿಸಿಬಿಡಬಹುದು. ತಿಳಿದವನು ಉಳಿದ ಸಾಲುಗಳನ್ನೂ ಓದುತ್ತಾನೆ: ಕ್ಷಾರ ಎಷ್ಟು ಉಳಿದಿದೆ, ಉಸಿರು ಎಷ್ಟು ದುಡಿಯುತ್ತಿದೆ, ಲೆಕ್ಕಕ್ಕೆ ಸಿಗದ ಹುಳಿ ಎಷ್ಟಿದೆ. ಸಮತೋಲ ಇದೆಯೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದ ಮೇಲೆಯೂ ಕೇಳಬೇಕಾದ ಪ್ರಶ್ನೆ ಉಳಿದೇ ಇರುತ್ತದೆ.

ಈಗ ಸಮಾಜದ ಮಾತಿಗೆ ಬರೋಣ. ದೇಹದ ಸಮತೋಲವನ್ನು ಸಮಾಜಕ್ಕೆ ಹೊಂದಿಸುವ ಆಸೆ ವಿಜ್ಞಾನಿಗಳಿಗೇ ಇತ್ತು. ರಕ್ತದ ಹುಳಿ-ಕ್ಷಾರಗಳ ಸಮೀಕರಣವನ್ನು 1908ರಲ್ಲಿ ಕೊಟ್ಟ ಅಮೆರಿಕದ ಹೆಂಡರ್ಸನ್ ಮುಂದೆ ಸಮಾಜಶಾಸ್ತ್ರಕ್ಕೆ ಹೊರಳಿ ಅಲ್ಲಿಯೂ ಸಮತೋಲವನ್ನೇ ಹುಡುಕಿದ. ಅವನ ಹಾಗೆಯೇ ಹಾರ್ವರ್ಡಿನವನಾದ ಕ್ಯಾನನ್ 1932ರಲ್ಲಿ ‘ದೇಹದ ವಿವೇಕ’ ಎಂಬರ್ಥದ ಹೆಸರಿನ ಪುಸ್ತಕ ಬರೆದು, ಕೊನೆಯಲ್ಲಿ ಸಮಾಜವೂ ದೇಹದಿಂದ ಕಲಿಯಬಹುದು ಎಂದು ಸೂಚಿಸಿದ. ಆರ್ಥಿಕ ಕುಸಿತದ ಕಾಲ ಅದು, ಅಮೆರಿಕದಲ್ಲಿ ಲಕ್ಷಾಂತರ ಜನರಿಗೆ ಕೆಲಸವಿರಲಿಲ್ಲ. ಅವನ ಉದ್ದೇಶ ಒಳ್ಳೆಯದೇ. ಹೊಟ್ಟೆಗಿಲ್ಲದವನನ್ನು ಸಮಾಜ ಕೈಬಿಡಬಾರದೆಂಬುದು ಅವನ ಆಶಯವಾಗಿತ್ತು.

ಆದರೆ ಈ ಹೋಲಿಕೆಗೆ ಹಳೆಯ ಚರಿತ್ರೆಯೂ ಇದೆ, ಅದು ಅಷ್ಟು ಒಳ್ಳೆಯದಲ್ಲ. ಕ್ರಿಸ್ತಪೂರ್ವ 494ರಲ್ಲಿ ರೋಮಿನ ಸಾಮಾನ್ಯ ಜನ ಸಾಲದ ಹೊರೆ ತಾಳಲಾರದೆ ಊರು ಬಿಟ್ಟು ಬೆಟ್ಟಕ್ಕೆ ಹೋಗಿ ಕುಳಿತರಂತೆ. ಮೆನೇನಿಯಸ್ ಎಂಬ ಹಿರಿಯ ಅವರಿಗೊಂದು ಕಥೆ ಹೇಳಿ ಸಮಾಧಾನ ಮಾಡಿದ: ಕೈ, ಬಾಯಿ, ಹಲ್ಲುಗಳು ಹೊಟ್ಟೆಗೆ ದುಡಿಯುವುದಿಲ್ಲ ಎಂದು ಮುನಿದವು, ಕಡೆಗೆ ತಾವೇ ಸೊರಗಿದವು, ಕೂತು ಉಣ್ಣುವ ಹೊಟ್ಟೆಯೇ ಎಲ್ಲರಿಗೂ ರಸ ಹಂಚುವುದು. ಕಥೆ ಚೆನ್ನಾಗಿದೆ. ಕಥೆ ಹೇಳಿದವನು ಮಾತ್ರ ಹೊಟ್ಟೆಯ ಕಡೆಯವನು. ನಮ್ಮಲ್ಲಿ ಪುರುಷಸೂಕ್ತದ ಬಾಯಿ, ತೋಳು, ತೊಡೆ, ಪಾದಗಳ ಚಿತ್ರವನ್ನು ಎಷ್ಟು ಶತಮಾನ ಯಾರ ಮೇಲೆ ಯಾರು ಬಳಸಿದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾ. ಅಂಬೇಡ್ಕರರು 1946ರಲ್ಲಿ ಶೂದ್ರರ ಮೂಲವನ್ನು ಕುರಿತು ಬರೆದ ಗ್ರಂಥದಲ್ಲಿ ಆ ಸೂಕ್ತವನ್ನೇ ಎತ್ತಿಕೊಂಡು ಪರೀಕ್ಷಿಸಿದ್ದು ಸುಮ್ಮನೆ ಅಲ್ಲ. ಪಾದಕ್ಕೆ ನೋವಾದರೆ ತಲೆಗೂ ನೋವಾಗುತ್ತದೆ ಎಂಬುದು ದೇಹದಲ್ಲಿ ನಿಜ. ಊರಿನಲ್ಲಿ ಅದು ನಿಜವೇ?

ವ್ಯತ್ಯಾಸ ಇರುವುದೇ ಇಲ್ಲಿ. ಎಲುಬಿಗೆ ತನ್ನದೇ ಆದ ಹಸಿವಿಲ್ಲ, ಶ್ವಾಸಕೋಶಕ್ಕೆ ತನ್ನ ಮಕ್ಕಳನ್ನು ಓದಿಸುವ ಆಸೆಯಿಲ್ಲ. ಎಲುಬು ಸುಣ್ಣ ಕೊಟ್ಟಾಗ ನೋಯುವವಳೂ ಆ ಸುಣ್ಣದಿಂದ ಉಳಿಯುವವಳೂ ಒಬ್ಬಳೇ ಕಾಕು. ಕೊಟ್ಟವರು, ಪಡೆದವರು ಎಂಬ ಇಬ್ಬರಿಲ್ಲ. ಮನೆಯಲ್ಲಿ ಹಾಗಲ್ಲ. ಒಬ್ಬರು ಎಲುಬಾಗುತ್ತಾರೆ, ಇನ್ನೊಬ್ಬರು ನಗುತ್ತಿರುತ್ತಾರೆ. ಹೊರಗಿನಿಂದ ನೋಡಿದವರು ‘ಎಂಥ ಹೊಂದಾಣಿಕೆಯ ಮನೆ’ ಎಂದು ಹೊಗಳಿ ಹೋಗುತ್ತಾರೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಆ ಮನೆಯಲ್ಲಿ ಹೆಚ್ಚಾಗಿ ಹೇಳುವವರು ತಾಳಬೇಕಾಗಿಲ್ಲದವರೇ.

ಹಾಗಾದರೆ ಒಬ್ಬರಿಗಾಗಿ ಇನ್ನೊಬ್ಬರು ಭಾರ ಹೊರುವುದೇ ಅನ್ಯಾಯವೇ ಎಂದು ನೀವು ಕೇಳಬಹುದು. ಜ್ವರದ ಮಗುವಿನ ಪಕ್ಕ ರಾತ್ರಿ ಎದ್ದಿರುವ ತಾಯಿಗೆ ಲೆಕ್ಕ ಕೇಳಬೇಕೇ? ಬೇಡ. ಇಲ್ಲಿ ದೇಹವೇ ಒಂದು ಭೇದವನ್ನು ತೋರಿಸುತ್ತದೆ. ಓಡಿ ಬಂದವನು ಐದು ನಿಮಿಷ ತೇಕುತ್ತಾನೆ. ಅಷ್ಟರಲ್ಲಿ ಸಾಲ ತೀರುತ್ತದೆ, ಎದೆ ತನ್ನ ಪಾಡಿಗೆ ಮರಳುತ್ತದೆ. ಸೋತ ಮೂತ್ರಪಿಂಡದ ಪರವಾಗಿ ಎಲುಬು ಕೊಡುವ ಸುಣ್ಣ ಸಾಲವಲ್ಲ. ಅದು ವರ್ಷಗಟ್ಟಲೆ ನಡೆಯುತ್ತದೆ, ಮರಳಿ ಬರುವುದಿಲ್ಲ. ಎರಡನ್ನೂ ತ್ಯಾಗ ಎಂಬ ಒಂದೇ ಹೆಸರಿನಿಂದ ಕರೆದು ಹೂಮಾಲೆ ಹಾಕುವುದರಲ್ಲಿ ನನಗೆ ಅಪ್ರಾಮಾಣಿಕತೆ ಕಾಣುತ್ತದೆ. ತಾಯಿಯ ಒಂದು ರಾತ್ರಿ ಬೇರೆ. ಮನೆಯ ಎಲ್ಲ ರಾತ್ರಿಗಳೂ ಒಬ್ಬಳದೇ ಆಗಿರುವುದು ಬೇರೆ.

ಗಡಿಯಲ್ಲಿರುವ ನಮಗೆ ಈ ಮಾತು ಹತ್ತಿರದ್ದು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನೀವು ಕೇರಳಕ್ಕೆ ಹೋದಿರಿ. ನಾವು ಆಗಿನ ಮುಂಬಯಿ ರಾಜ್ಯದಲ್ಲೇ ಉಳಿದೆವು, ಅದು 1960ರಲ್ಲಿ ಮಹಾರಾಷ್ಟ್ರವಾಯಿತು. ಅಂದಿನಿಂದ ನಾವು ಎರಡು ಭಾಷೆಗಳ ನಡುವೆ ಬದುಕುತ್ತಿದ್ದೇವೆ. ನಮ್ಮ ಮಕ್ಕಳು ಎಷ್ಟು ಸಲೀಸಾಗಿ ಎರಡೂ ಆಡುತ್ತಾರೆ ಎಂದು ಅಧಿಕಾರಿಗಳು ಮೆಚ್ಚುತ್ತಾರೆ. ಆಡುತ್ತಾರೆ, ನಿಜ. ಕನ್ನಡದಲ್ಲಿ ಓದಿದ ಪಾಠವನ್ನು ಮರಾಠಿಯ ಅರ್ಜಿಯಲ್ಲಿ ತುಂಬುವ ಮಗು ಎಷ್ಟು ದಮ್ಮು ಹಿಡಿಯುತ್ತದೆ ಎಂಬುದನ್ನು ಅಳೆಯುವ ಕಾಗದವಿಲ್ಲ.

ಇಷ್ಟನ್ನು ನಾವು ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಹೇಳದೆ ಬಿಡುವುದು ಇನ್ನೊಂದಿದೆ. ನಾನು ಕಂಡ ಎಷ್ಟೋ ಮನೆಗಳಲ್ಲಿ ಗಂಡುಮಗನನ್ನು ಸೊಲ್ಲಾಪುರದ ಇಂಗ್ಲಿಷ್ ಶಾಲೆಗೆ, ಇಲ್ಲವೇ ಮರಾಠಿ ಶಾಲೆಗೆ ಹಾಕುತ್ತಾರೆ. ಅವನಿಗೆ ನೌಕರಿ ಬೇಕು. ಹೆಣ್ಣುಮಗಳನ್ನು ಊರ ಕನ್ನಡ ಶಾಲೆಗೆ ಕಳಿಸುತ್ತಾರೆ. ಅವಳನ್ನು ಇಂಡಿಗೋ ಅಫಜಲಪುರಕ್ಕೋ ಕೊಡುವುದು ತಾನೇ, ಕನ್ನಡ ಸಾಕು ಎಂಬ ಲೆಕ್ಕ. ಆಮೇಲೆ ಶಾಲೆಯ ಹಾಜರಿ ತೋರಿಸಿ ನಮ್ಮ ಭಾಷೆ ಉಳಿದಿದೆ ಎಂದು ಹೆಮ್ಮೆಪಡುತ್ತೇವೆ. ಅಂಕಿ ಸರಿಯಾಗಿದೆ. ಆ ಅಂಕಿಯನ್ನು ಕಾಯುತ್ತಿರುವವಳು ಹತ್ತು ವರ್ಷದ ಹುಡುಗಿ. ಅವಳನ್ನು ಯಾರೂ ಕೇಳಿಲ್ಲ. ಕನ್ನಡ ಶಾಲೆ ಬೇಡ ಎನ್ನುವುದು ನನ್ನ ವಾದವಲ್ಲ. ಅದು ಒಳ್ಳೆಯದಾದರೆ ಮಗನಿಗೂ ಒಳ್ಳೆಯದು. ಅದರಿಂದ ನಷ್ಟವಿದ್ದರೆ ಆ ನಷ್ಟ ಮಗಳೊಬ್ಬಳ ಪಾಲಿಗೇ ಏಕೆ ಬರಬೇಕು? ಹೊರಗಿನವರ ಅನ್ಯಾಯವನ್ನು ಎಣಿಸುವ ಅಲ್ಪಸಂಖ್ಯಾತರು ತಮ್ಮ ಒಳಗಿನ ಎಲುಬು ಯಾವುದು ಎಂದು ನೋಡಿಕೊಳ್ಳದಿದ್ದರೆ ಅವರ ನ್ಯಾಯದ ಮಾತಿಗೆ ತೂಕ ಬರುವುದಿಲ್ಲ. ನಿಮ್ಮ ಮಂಜೇಶ್ವರ, ಕುಂಬಳೆಗಳ ಮನೆಗಳಲ್ಲಿ ಹೇಗಿದೆಯೋ ನೀವೇ ನೋಡಿಕೊಳ್ಳಬೇಕು.

ತಾಳ್ಮೆಯನ್ನು ಹೊಗಳುವುದು ಬಿಟ್ಟು ಮಾಡಬಹುದಾದ ಕೆಲಸ ಬೇರೆ ಇದೆ. ಅದಕ್ಕೂ ಗಡಿಯ ಉದಾಹರಣೆಯೇ ಸಿಗುತ್ತದೆ.

ನಮ್ಮ ಜಿಲ್ಲೆಯ ಪಂಢರಪುರದ ಯಾತ್ರೆಯ ದಾರಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಮತ್ತೆ ಮತ್ತೆ ಹಬ್ಬುತ್ತಿತ್ತು. ಕಾಲರಾದ ಭೇದಿಯಲ್ಲಿ ನೀರು, ಉಪ್ಪುಗಳ ಜೊತೆಗೆ ಬೈಕಾರ್ಬೊನೇಟೂ ಹರಿದುಹೋಗುತ್ತದೆ. ಒಣಗಿದ ಮನುಷ್ಯನ ರಕ್ತ ಹುಳಿಯಾಗುತ್ತದೆ, ಅವನೂ ಕಾಕುವಿನಂತೆ ತೇಕುತ್ತಾನೆ. ಇದನ್ನು ಮೊದಲು ಕಂಡವನು ಐರ್ಲೆಂಡಿನ ಓಶಾಗ್ನೆಸ್ಸಿ. 1831ರ ಕೊನೆಯಲ್ಲಿ ಇಂಗ್ಲೆಂಡಿನ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ನೀರೂ ಉಪ್ಪೂ ಕ್ಷಾರವೂ ಕಳೆದುಹೋಗಿವೆ ಎಂದು ಬರೆದ. ಇದೇ ಮನುಷ್ಯ ಮುಂದೆ ಕಲ್ಕತ್ತೆಗೆ ಬಂದು ಭಾರತಕ್ಕೆ ತಂತಿ ಎಳೆಸಿದ. 1832ರಲ್ಲಿ ಸ್ಕಾಟ್ಲೆಂಡಿನ ಲಟ್ಟಾ ಕಳೆದುಹೋದ ಅದನ್ನೇ ರಕ್ತನಾಳದೊಳಗೆ ಹಾಕಿ ಕೆಲವರನ್ನು ಉಳಿಸಿದ. ಆದರೆ ಸೂಜಿ, ಬಾಟಲಿ, ವೈದ್ಯ ಎಲ್ಲವೂ ಬೇಕಾದ ಚಿಕಿತ್ಸೆ ಬಡವರ ಗುಡಿಸಲಿಗೆ ಬರಲು ಇನ್ನೂ ಬಹುಕಾಲ ಬೇಕಿತ್ತು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ ಪಟ್ಟಣದ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಬಾಟಲಿಗಳು ಮುಗಿಯುತ್ತ ಬಂದಿದ್ದವು. ಡಾ. ದಿಲೀಪ್ ಮಹಲನಬೀಸರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಅಡಿಗೆ ಸೋಡಾ ಎಂದರೆ ಬೇರೇನೂ ಅಲ್ಲ, ಅದೇ ಬೈಕಾರ್ಬೊನೇಟು. ಕುಡಿಸುವ ಕೆಲಸವನ್ನು ರೋಗಿಯ ತಾಯಿ, ಅಕ್ಕ, ಅಣ್ಣಂದಿರ ಕೈಗೆ ಕೊಟ್ಟರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ಅವರ ಉಸ್ತುವಾರಿಯಲ್ಲಿ 3.6ಕ್ಕೆ ಇಳಿಯಿತು. ಅಲ್ಲಿ ಯಾರೂ ರೋಗಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಕಳೆದುಹೋದದ್ದು ಏನು, ಎಷ್ಟು ಎಂದು ಎಣಿಸಿದರು, ಅಷ್ಟನ್ನು ಹಿಂದಕ್ಕೆ ಕೊಟ್ಟರು. ಕೊಡುವ ಕೆಲಸವನ್ನು ಹಂಚಿಕೊಂಡರು. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಅವರಿಗೆ ಬಂದದ್ದು ಮರುವರ್ಷ.

ಆ ಪುಡಿಯ ಪೊಟ್ಟಣ ಇವತ್ತು ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಈಗ ಸೋಡಾ ಇಲ್ಲ. ಸೋಡಾ ಹಾಕಿದ ಪುಡಿ ಸೆಕೆಯಲ್ಲಿ, ತೇವದಲ್ಲಿ ಬಹುಕಾಲ ಕೆಡದೆ ಉಳಿಯುವುದಿಲ್ಲವೆಂದು 1980ರ ದಶಕದಲ್ಲಿ ಅದನ್ನು ತೆಗೆದು ಸಿಟ್ರೇಟು ಹಾಕಿದರು. ಈಗಿನ ಪೊಟ್ಟಣದಲ್ಲಿ ಲೀಟರಿಗೆ 2.9 ಗ್ರಾಂ ಇರುತ್ತದೆ. ಸಿಟ್ರೇಟು ಲಿಂಬೆಯ ಹುಳಿಯ ಲವಣ. ದೇಹದೊಳಗೆ ಅದು ಉರಿದು, ಬೇಕಾದಷ್ಟು ಬೈಕಾರ್ಬೊನೇಟಾಗುತ್ತದೆ.